ಬಾಕಿ ಹಣ ಕೇಳುವ ಪತ್ರ: ಗಿರಾಕಿಗೆ ಬೇಸರವಾಗದ ಹಾಗೆ ಬರೆಯುವುದು ಹೇಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಹಳೆಯ ಗಿರಾಕಿಯೊಬ್ಬರು ಎರಡು ತಿಂಗಳಿಂದ ಬಿಲ್ ಹಣ ಕೊಟ್ಟಿಲ್ಲ. ಫೋನ್ ಮಾಡಿದರೆ ‘ಅಕೌಂಟ್ಸ್‌ನಲ್ಲಿದೆ’ ಅನ್ನುತ್ತಾರೆ. ಸಂಬಂಧ ಕೆಡದ ಹಾಗೆ ಪತ್ರ ಬರೆಯುವುದು ಹೇಗೆ?

ಉತ್ತರ: ನೀವು ಯಾರಿಗೆ ಬರೆದರೂ ಆ ಪತ್ರ ಹೋಗಿ ಸೇರುವುದು ಅಕೌಂಟ್ಸ್‌ನವರ ಟೇಬಲ್ಲಿಗೇ. ಅವರಿಗೆ ನಿಮ್ಮ ಪರಿಚಯ ಇರುವುದಿಲ್ಲ. ರಾಶಿ ಬಿಲ್‌ಗಳಲ್ಲಿ ನಿಮ್ಮದನ್ನು ಹುಡುಕಲು ಅವರಿಗೆ ನಂಬರ್ ಬೇಕು. ಹಾಗಾಗಿ ‘ವಿಷಯ: ಬಾಕಿ ಹಣದ ಬಗ್ಗೆ’ ಅಂತ ಸುಮ್ನೆ ಬರೆಯಬೇಡಿ. ‘ವಿಷಯ: ಬಿಲ್ ನಂ. 118, ರೂ. 84,000 ಬಾಕಿ’ ಎಂದು ಬರೆಯಿರಿ. ಉಲ್ಲೇಖದಲ್ಲಿ ಪರ್ಚೇಸ್ ಆರ್ಡರ್ ನಂಬರ್ ಮತ್ತು ಡೆಲಿವರಿ ಚಲನ್ ತಾರೀಖು ಇರಲಿ.

ಆಮೇಲೆ ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಬೇಡ. ಅದು ಶಾಲೆಯಲ್ಲಿ ರಜೆ ಅರ್ಜಿಗೆ ಕಲಿತದ್ದು. ಇದು ನೀವು ದುಡಿದ ಹಣ ಅಲ್ವಾ? ‘ಮಾನ್ಯರೇ’ ಆದ ಕೂಡಲೇ ವಿಷಯಕ್ಕೆ ಬನ್ನಿ:

‘ಏಪ್ರಿಲ್ 3ರಂದು ನಿಮಗೆ ತಲುಪಿದ 200 ಬುಷ್‌ಗಳ ಬಿಲ್ ಹಣ, ರೂ. 84,000, ನಮಗೆ ಇನ್ನೂ ಬಂದಿಲ್ಲ. ದಯವಿಟ್ಟು ಜೂನ್ 15ರೊಳಗೆ ಪಾವತಿಸಿ. ಬಿಲ್‌ನಲ್ಲಿ ಏನಾದರೂ ತಕರಾರಿದ್ದರೆ ತಿಳಿಸಿ, ಸರಿಮಾಡಿ ಕೊಡುತ್ತೇವೆ.’

ಸಂಬಂಧ ಉಳಿಸುವುದು ಆ ಕೊನೆಯ ಸಾಲು. ತಪ್ಪು ನಮ್ಮದೂ ಇರಬಹುದು ಎಂದು ಒಪ್ಪಿದ ಹಾಗಾಯಿತು, ಅವರ ಮರ್ಯಾದೆಯೂ ಉಳಿಯಿತು. ‘ಹುಡುಗರಿಗೆ ಸಂಬಳ ಕೊಡಬೇಕು, ತುಂಬಾ ಕಷ್ಟದಲ್ಲಿದ್ದೇವೆ’ ಅಂತ ಮಾತ್ರ ಬರೆಯಬೇಡಿ. ಅದನ್ನು ಓದಿ ಅಕೌಂಟ್ಸ್‌ನವರು ಏನೂ ಮಾಡಲಾರರು. ಮುಂದಿನ ಆರ್ಡರ್‌ನ ರೇಟ್ ಮಾತಾಡುವಾಗ ಅದು ನಿಮಗೇ ಮುಳುವಾಗುತ್ತದೆ.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇದ್ದರೆ ಆ ನಂಬರ್ ಲೆಟರ್‌ಹೆಡ್‌ನಲ್ಲೇ ಇರಲಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಸಣ್ಣ ತಯಾರಕರಿಗೆ ಹಣ ಕೊಡಲು ಬರಹದಲ್ಲಿ ಒಪ್ಪಂದವಿದ್ದರೂ 45 ದಿನಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಮೊದಲ ಪತ್ರದಲ್ಲಿ ಇದನ್ನೆಲ್ಲ ಎತ್ತಬೇಡಿ, ಬೆದರಿಕೆಯ ಹಾಗೆ ಕೇಳುತ್ತದೆ. ಉದ್ಯಮ್ ನಂಬರ್ ನೋಡಿದರೆ ಅಕೌಂಟ್ಸ್‌ನವರಿಗೆ ಅರ್ಥವಾಗುತ್ತದೆ. ಉತ್ತರ ಬಾರದಿದ್ದರೆ ಎರಡನೇ ಪತ್ರದಲ್ಲಿ ಕಾಯ್ದೆಯ ಹೆಸರು ಬರೆಯಿರಿ.

ಬಿಲ್ ಮತ್ತು ಚಲನ್ ಪ್ರತಿ ಲಗತ್ತಿಸಿ ಇಮೇಲ್‌ನಲ್ಲೇ ಕಳಿಸಿ. ಅವರು ಫೋನ್‌ನಲ್ಲಿ ಒಂದು ತಾರೀಖು ಹೇಳಿದರೆ, ಅದೇ ದಿನ ‘ಇಂದು ಮಾತಾಡಿದಂತೆ’ ಎಂದು ಶುರುಮಾಡಿ ಆ ತಾರೀಖನ್ನು ಎರಡು ಸಾಲಿನಲ್ಲಿ ಬರೆದು ಅವರಿಗೇ ಕಳಿಸಿಬಿಡಿ.