ಹಳೇ ಪ್ರೊಸೆಸರ್‌ನ ಕಿವಿ ಹಿಂಡುವ ಮುನ್ನ

"ಸರ್, ಇದನ್ನ ಓವರ್‌ಕ್ಲಾಕ್ ಮಾಡಿಕೊಡ್ತೀರಾ?" ಎಂದು ಒಬ್ಬರು ಹಳೇ ಕಂಪ್ಯೂಟರ್ ಹೊತ್ತು ತಂದರು. ಓವರ್‌ಕ್ಲಾಕ್ ಅಂದರೆ ಪ್ರೊಸೆಸರ್ ಚಿಪ್ಪನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವುದು. ಒಳಗಿದ್ದದ್ದು ಇಂಟೆಲ್‌ನ ಐ5-2500ಕೆ. 2011ರ ಚಿಪ್. ನಮ್ಮ ಕಸುಬಿನವರಿಗೆ ಈ ಹೆಸರು ಕೇಳಿದರೆ ಈಗಲೂ ಖುಷಿ. 3.3 ಗಿಗಾಹರ್ಟ್ಸ್‌ನ ಈ ಚಿಪ್ಪನ್ನು 4.5ರಲ್ಲಿ ವರ್ಷಗಟ್ಟಲೆ ಓಡಿಸಿದವರು ಬೇಕಾದಷ್ಟು ಜನ ಇದ್ದಾರೆ.

ಡಬ್ಬ ಬಿಚ್ಚಿದೆ. ಚಿಪ್‌ನ ಬಿಸಿ ಹೀರುವ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿ ಹೊದ್ದ ಹಾಗೆ ಕೂತಿತ್ತು. ಬಿಸಿಯನ್ನು ಅದಕ್ಕೆ ದಾಟಿಸುವ ಪೇಸ್ಟ್ ಒಣಗಿ ಸುಣ್ಣದಂತೆ ಉದುರುತ್ತಿತ್ತು. ಸ್ವಲ್ಪ ಕೆಲಸ ಕೊಟ್ಟರೆ ಸಾಕು, ಬಿಸಿ 95 ಡಿಗ್ರಿ ದಾಟಿ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತಿತ್ತು. ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿ ಆನ್ ಮಾಡಿದೆ. "ಆಯ್ತಾ ಓವರ್‌ಕ್ಲಾಕ್? ಎಷ್ಟು ಫಾಸ್ಟ್ ಆಗಿದೆ ನೋಡಿ!" ಎಂದರು. ವೇಗ ಬದಲಿಸುವ ಸೆಟ್ಟಿಂಗ್ ಇರುವ ಬಯೋಸನ್ನು ನಾನಿನ್ನೂ ಮುಟ್ಟಿಯೇ ಇರಲಿಲ್ಲ.

ಓವರ್‌ಕ್ಲಾಕ್‌ನ ಲೆಕ್ಕ ಮೇಲ್ನೋಟಕ್ಕೆ ಸುಲಭ. ಮೂಲ ಕ್ಲಾಕ್ 100 ಮೆಗಾಹರ್ಟ್ಸ್. ಅದನ್ನು 33ರಿಂದ ಗುಣಿಸಿದರೆ 3.3 ಗಿಗಾಹರ್ಟ್ಸ್. 33 ಇದ್ದಲ್ಲಿ 45 ಎಂದು ಹಾಕಿದರೆ 4.5. ಆದರೆ ಆ ಗುಣಕಕ್ಕೆ ಬೀಗ ಹಾಕಿರಬಾರದು. ಇಂಟೆಲ್ ಚಿಪ್‌ನ ಹೆಸರಿನ ಕೊನೆಗೆ 'ಕೆ' ಇರುವುದು ಅದಕ್ಕೇ. ಮದರ್‌ಬೋರ್ಡೂ ಒಪ್ಪಬೇಕು. ಗುಣಕ ಏರಿಸಲು ಬಿಡದ ಎಚ್61 ಬೋರ್ಡಿನ ಮೇಲೆ ಕೆ ಚಿಪ್ ಕೂರಿಸಿ ಕೊರಗುವವರನ್ನು ನೋಡಿದ್ದೇನೆ.

ತೊಂದರೆ ಶುರುವಾಗುವುದು ಕರೆಂಟಿನಲ್ಲಿ. ವೇಗ ಎಷ್ಟು ಏರುತ್ತದೋ ಚಿಪ್ ನುಂಗುವ ವಿದ್ಯುತ್ತೂ ಅಷ್ಟೇ ಏರುತ್ತದೆ. ವೋಲ್ಟೇಜ್ ಏರಿಸಿದರೆ ಹಾಗಲ್ಲ, ಅದರ ವರ್ಗದಷ್ಟು ಏರುತ್ತದೆ. 20% ವೇಗಕ್ಕಾಗಿ 10% ವೋಲ್ಟೇಜ್ ಜಾಸ್ತಿ ಕೊಟ್ಟಿರಿ ಅನ್ನೋಣ. 1.2 × 1.1 × 1.1, ಹೆಚ್ಚುಕಮ್ಮಿ 1.45. ಇಪ್ಪತ್ತು ಪಡೆಯಲು ನಲವತ್ತೈದು ತೆತ್ತ ಹಾಗಾಯಿತು. ಅಷ್ಟೂ ಬಿಸಿಯಾಗಿಯೇ ಹೊರಗೆ ಬರಬೇಕು. ಚಿಪ್‌ಗೆ ದೊಡ್ಡ ಕೂಲರ್ ಹಾಕುತ್ತೀರಿ, ಸರಿ. ಪಕ್ಕದಲ್ಲಿ ಅದಕ್ಕೆ ಕರೆಂಟ್ ಅಳೆದು ಕೊಡುವ ವಿಆರ್‌ಎಮ್ ಕೂಡ ಬಿಸಿಯಾಗುತ್ತದೆ. ಅದನ್ನು ಯಾರೂ ಕೇಳುವುದಿಲ್ಲ.

ಮಿತಿ ಮೀರಿ ಏರಿಸಿದ ಚಿಪ್ ಹ್ಯಾಂಗ್ ಆದರೆ ಒಳ್ಳೇದೇ ಅನ್ನಿ, ತಪ್ಪು ಕಣ್ಣಿಗೆ ಬಿತ್ತಲ್ಲ. ಹ್ಯಾಂಗ್ ಆಗದೆ ತಪ್ಪು ಲೆಕ್ಕ ಮಾಡುವ ಚಿಪ್ ಬಲು ಅಪಾಯ. ನನ್ನದೇ ಮಶೀನ್‌ನಲ್ಲಿ ಚಿಪ್ಪನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಸಾಫ್ಟ್‌ವೇರನ್ನು ಒಂದು ಗಂಟೆ ಓಡಿಸಿ, ಪಾಸಾಯಿತೆಂದು ನಂಬಿ ಕೂತಿದ್ದೆ. ಕೆಲವು ವಾರದ ಮೇಲೆ ಬ್ಯಾಕಪ್‌ನ ಜಿಪ್ ಫೈಲ್ ಬಿಚ್ಚಲು ಹೋದರೆ ಕೆಟ್ಟುಹೋಗಿತ್ತು. ಅಂದಿನಿಂದ ರಾತ್ರಿಯಿಡೀ ಓಡಿಸದೆ ಯಾವ ವೇಗವನ್ನೂ ನಂಬುವುದಿಲ್ಲ.

ಓವರ್‌ಕ್ಲಾಕ್‌ಗೆ ಒಂದು ಕಾಲವಿತ್ತು. 1998ರ ಸೆಲೆರಾನ್ 300ಎ ಚಿಪ್‌ನ ಬಸ್ಸನ್ನು, ಅಂದರೆ ಮೂಲ ಕ್ಲಾಕನ್ನು, 66ರಿಂದ 100 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ, 300 ಇದ್ದದ್ದು ನೇರ 450! ಅರ್ಧದಷ್ಟು ವೇಗ ಪುಕ್ಕಟೆ. ಈಗಿನ ಚಿಪ್‌ಗಳು ಬಿಸಿ, ಕರೆಂಟ್ ಎರಡನ್ನೂ ನೋಡಿಕೊಂಡು ತಾವೇ ಮೇಲಕ್ಕೆ ಜಿಗಿಯುತ್ತವೆ. ನಮಗೆ ಹಿಂಡಲು ಉಳಿಯುವುದು ಕಡಿಮೆ.

ಇನ್ನೊಂದು ಮಾತು. ಹಳೇ ಚಿಪ್‌ಗೆ ಕೊರತೆ ಗಿಗಾಹರ್ಟ್ಸ್‌ನದ್ದೇ ಆಗಿರಬೇಕೆಂದಿಲ್ಲ. ಎವಿಎಕ್ಸ್2 ಎಂಬ ಆದೇಶಗಳ ಗುಂಪು ಇಂಟೆಲ್ ಚಿಪ್‌ಗಳಿಗೆ ಬಂದದ್ದು 2013ರಲ್ಲಿ. ಅದು ಬೇಕೇ ಬೇಕು ಎನ್ನುವ ಸಾಫ್ಟ್‌ವೇರ್ 2500ಕೆಯಲ್ಲಿ 5 ಗಿಗಾಹರ್ಟ್ಸ್ ಇದ್ದರೂ ತೆರೆಯುವುದಿಲ್ಲ. ಎವಿ1 ಎಂಬ ಹೊಸ ಬಗೆಯ ವಿಡಿಯೊ ಬಿಚ್ಚುವ ಸರ್ಕ್ಯೂಟೂ ಅದರಲ್ಲಿಲ್ಲ. ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳು, ಅಂದರೆ ಕೋರ್, ನಾಲ್ಕು ಇದ್ದರೆ ನಾಲ್ಕೇ. ಮೇಲಾಗಿ ಒಂದೇ ಗಿಗಾಹರ್ಟ್ಸ್‌ನಲ್ಲಿ ಹೊಸ ಕೋರ್ ಮಾಡುವ ಕೆಲಸ ಹಳೆಯದಕ್ಕಿಂತ ಬಹಳ ಜಾಸ್ತಿ.

ಹಾಗಂತ ಹೊಸ ಚಿಪ್ ಒಂದನ್ನೇ ತಂದು ಕೂರಿಸಲು ಆಗುವುದಿಲ್ಲ. ಬೋರ್ಡಿನಲ್ಲಿ ಚಿಪ್ ಕೂರುವ ಸಾಕೆಟ್ ಬೇರೆ, ಹಳೇ ಡಿಡಿಆರ್3 ರ‍್ಯಾಮ್ ನಡೆಯುವುದಿಲ್ಲ. ಚಿಪ್, ಬೋರ್ಡ್, ರ‍್ಯಾಮ್ ಮೂರೂ ಬದಲಾಗಬೇಕು. ಇಂಟೆಲ್‌ನ ಎದುರಾಳಿ ಎಎಮ್‌ಡಿಯ ಎಎಮ್4 ಸಾಕೆಟ್‌ನ ಬೋರ್ಡ್ ಇದ್ದವರ ಅದೃಷ್ಟ ಬೇರೆ. 2017ರ ಎಷ್ಟೋ ಬೋರ್ಡ್‌ಗಳು ಬಯೋಸ್ ಅಪ್‌ಡೇಟ್ ಆದಮೇಲೆ 2022ರ ರೈಜೆನ್ 5800ಎಕ್ಸ್3ಡಿ ಚಿಪ್ಪನ್ನೂ ಒಪ್ಪುತ್ತವೆ. ಅಂಥವರು ಓವರ್‌ಕ್ಲಾಕ್ ಮಾತೆತ್ತಿದರೆ ನಾನು ಸುಮ್ನೆ ಬೋರ್ಡಿನ ಚಿಪ್ ಪಟ್ಟಿ ತೆಗೆದು ತೋರಿಸುತ್ತೇನೆ.

2500ಕೆ ತಂದ ಇವರಿಗೆ ಆ ದಾರಿ ಇರಲಿಲ್ಲ. ಮಾಡುತ್ತಿದ್ದದ್ದು ವಿಡಿಯೊ ಎಡಿಟಿಂಗ್. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಒಂದು ಎಕ್ಸ್‌ಪೋರ್ಟ್ ಹಾಕಿದೆವು. ನಾಲ್ಕೂ ಕೋರ್ 100% ಕೆಲಸದಲ್ಲಿ ಅಂಟಿಕೊಂಡವು, ಕೆಳಗೆ ಇಳಿಯಲೇ ಇಲ್ಲ. ಬೇಕಿದ್ದದ್ದು ಇನ್ನಷ್ಟು ಕೋರ್. ಗೇಮ್ ಆಡುವವರಾಗಿದ್ದು, ಒಂದೇ ಕೋರ್ ಏದುಸಿರು ಬಿಡುತ್ತಿದ್ದರೆ, ನನ್ನ ಸಲಹೆ ಬೇರೆಯಾಗುತ್ತಿತ್ತೋ ಏನೋ.

ಇದ್ದ ಕೂಲರ್‌ನಲ್ಲೇ, ಪೈಸೆ ಖರ್ಚಿಲ್ಲದೆ 4 ಗಿಗಾಹರ್ಟ್ಸ್‌ಗೆ ಏರಿಸಿ, ರಾತ್ರಿಯಿಡೀ ಓಡಿಸಿ, ಬೆಳಗ್ಗೆ ಕೊಟ್ಟೆ. ದೊಡ್ಡ ಕೂಲರ್‌ಗೆಂದು ತಂದಿದ್ದ ದುಡ್ಡನ್ನು ಹೊಸ ಬೋರ್ಡಿಗೆ ಎತ್ತಿಡಿ ಎಂದೆ.

"ಹಾಗಾದ್ರೆ 4.5 ಬೇಡ್ವಾ ಸರ್?"

ಅವರಿಗೆ ಬೇಜಾರಾಗಿತ್ತು. ನಿಜ ಹೇಳಬೇಕೆಂದರೆ, ನನಗೂ.