ತಂತಿ ಮುಟ್ಟಿದರೆ ಗುಂಯ್ ನಿಲ್ಲುತ್ತದೆ, ಅಂದರೆ ಅರ್ಥಿಂಗ್ ಹೋಗಿದೆಯಾ?

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರನ್ನು ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಹಾಕಿದ ಕೂಡಲೇ ಗುಂಯ್ ಅನ್ನುತ್ತದೆ. ತಂತಿ ಮೇಲೆ ಕೈ ಇಟ್ಟರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು. ಗಿಟಾರ್‌ನ ಅರ್ಥಿಂಗ್ ಕಿತ್ತುಹೋಗಿ ನಾನೇ ಅರ್ಥ್ ಆಗಿ ಕೆಲಸ ಮಾಡುತ್ತಿದ್ದೇನಾ?

ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬುಡದಿಂದಲೇ ನೋಡೋಣ. ಮುಟ್ಟಿದಾಗ ಸದ್ದು ನಿಲ್ಲುವುದು ಗಿಟಾರ್ ಒಳಗಿನ ಗ್ರೌಂಡ್ ವೈರ್ (ತಂತಿಗಳನ್ನು ಕೇಬಲ್‌ನ ಹೊರ ಜಾಲರಿಗೆ ಸೇರಿಸುವ ವೈರ್) ಸರಿಯಾಗಿದೆ ಅನ್ನುವುದಕ್ಕೆ ಸಾಕ್ಷಿ. ಅದು ಕಿತ್ತುಹೋಗಿದ್ದರೆ ಮುಟ್ಟಿದರೂ ಸದ್ದು ನಿಲ್ಲುತ್ತಿರಲಿಲ್ಲ.

"ಗಿಟಾರ್‌ನಲ್ಲಿ ಸೇರಿಕೊಂಡ ಕರೆಂಟು ಮೈಯಿಂದ ಇಳಿದು ನೆಲಕ್ಕೆ ಹೋಗುತ್ತದೆ" ಎಂಬ ವಿವರಣೆ ಎಲ್ಲರ ಬಾಯಲ್ಲೂ ಇದೆ. ಹಾಗಿದ್ದರೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಕಾಲು ನೆಲಕ್ಕೆ ತಾಗದಂತೆ ಮರದ ಮಂಚದ ಮೇಲೆ ಕೂತು ತಂತಿ ಮುಟ್ಟಿ ನೋಡಿ. ಆಗಲೂ ಸದ್ದು ನಿಲ್ಲುತ್ತದೆ. ಇನ್ನೂ ಒಪ್ಪದಿದ್ದರೆ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಹೆಡ್‌ಫೋನ್ ಆಂಪ್‌ಗೆ ಗಿಟಾರ್ ಹಾಕಿ. ಗೋಡೆಯ ಸಾಕೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಮುಟ್ಟಿದರೆ ಸದ್ದು ತಗ್ಗುತ್ತದೆ. ನೆಲಕ್ಕೆ ಇಳಿಯುವ ಮಾತು ಅಲ್ಲಿಗೇ ಬಿತ್ತು.

ನಡೆಯುವುದು ಇದು. ಗೋಡೆಯೊಳಗಿನ ವೈರು, ಫ್ಯಾನು, ಟ್ಯೂಬ್‌ಲೈಟು ಎಲ್ಲದರಲ್ಲೂ 230 ವೋಲ್ಟ್, ಸೆಕೆಂಡಿಗೆ 50 ಸಲ ಹಿಂದೆಮುಂದೆ ಓಲಾಡುತ್ತಿರುತ್ತದೆ. ಅದರ ವಿದ್ಯುತ್ ಕ್ಷೇತ್ರ ಕೋಣೆಯಲ್ಲೆಲ್ಲ ಹರಡಿದೆ. ನಿಮ್ಮ ಮೈ ಉಪ್ಪುನೀರು ತುಂಬಿದ ದೊಡ್ಡ ವಾಹಕ. ಅದು ಆ ಕ್ಷೇತ್ರವನ್ನು ಹಿಡಿದು, ಪಿಕಪ್‌ನಿಂದ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ, ತಂತಿಯಡಿಯ ಕಾಂತದ ಸುರುಳಿಯಿಂದ) ಒಂದು ಗೇಣು ದೂರದಲ್ಲಿ ಆಂಟೆನಾದಂತೆ ಕೂತಿರುತ್ತದೆ. ಪಿಕಪ್ ಹುಟ್ಟಿಸುವ ಸಿಗ್ನಲ್ಲೋ ಸಾಮಾನ್ಯವಾಗಿ ವೋಲ್ಟಿನ ಒಂದು ಭಾಗ ಮಾತ್ರ, ಅದಕ್ಕೆ ಈ ನೆರೆಮನೆ ಗಲಾಟೆ ಸುಲಭವಾಗಿ ಸೇರಿಕೊಳ್ಳುತ್ತದೆ. ತಂತಿ ಮುಟ್ಟಿದಾಗ ತಂತಿಯಿಂದ ಬ್ರಿಜ್ (ತಂತಿಗಳು ಕೂರುವ ಲೋಹದ ತುಂಡು), ಅಲ್ಲಿಂದ ಸಣ್ಣ ವೈರು, ವಾಲ್ಯೂಮ್ ಗುಂಡಿಯಡಿಯ ಪಾಟ್‌ನ ಬೆನ್ನು, ಕೇಬಲ್ ಚುಚ್ಚುವ ಜ್ಯಾಕ್, ಕೇಬಲ್‌ನ ಹೊರ ಜಾಲರಿ, ಹೀಗೆ ನಿಮ್ಮ ಮೈ ಗಿಟಾರ್‌ನ ಗ್ರೌಂಡಿನ ಮಟ್ಟಕ್ಕೇ ಬರುತ್ತದೆ. ಅಷ್ಟು ಹೊತ್ತು ಆಂಟೆನಾ ಆಗಿದ್ದ ಮೈ ಈಗ ಗಿಟಾರಿಗೆ ಅಡ್ಡ ನಿಂತ ಮರೆ. ಗಿಟಾರನ್ನು ನೀವು ಸುಮ್ಮನಾಗಿಸುತ್ತಿಲ್ಲ, ಗಿಟಾರೇ ನಿಮ್ಮನ್ನು ಸುಮ್ಮನಾಗಿಸುತ್ತಿದೆ.

ನಿಜವಾಗಿ ವೈರ್ ಕಿತ್ತಿದ್ದರೆ ಗುರುತು ಬೇರೆ. ತಂತಿ ಮುಟ್ಟಿದರೆ ಏನೂ ಆಗದೆ, ಕೇಬಲ್ ಪ್ಲಗ್ಗಿನ ಲೋಹ ಮುಟ್ಟಿದರೆ ಮಾತ್ರ ಸದ್ದು ನಿಂತರೆ, ಬ್ರಿಜ್‌ಗೆ ಹೋಗುವ ವೈರು ಬಿಟ್ಟಿದೆ. ಮುಟ್ಟಿದಾಗ ಸದ್ದು ಜೋರಾದರೆ ಜ್ಯಾಕ್‌ನ ಎರಡು ವೈರು ಅದಲುಬದಲಾಗಿರಬಹುದು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಬ್ರಿಜ್ ಮತ್ತು ಪ್ಲಗ್ಗಿನ ಹೊರ ಲೋಹದ ನಡುವೆ ಅಳೆಯಿರಿ, ಒಂದೆರಡು ಓಮ್ ಒಳಗಿರಬೇಕು. ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮಾದರಿಯ ಗಿಟಾರಿನಲ್ಲಿ ಆ ವೈರು ಹಿಂಬದಿಯ ಸ್ಪ್ರಿಂಗ್ ಹಿಡಿದಿರುವ ಲೋಹಪಟ್ಟಿಗೆ ಬೆಸುಗೆಯಾಗಿರುತ್ತದೆ, ಟೆಲಿ (ಟೆಲಿಕಾಸ್ಟರ್) ಮಾದರಿಯಲ್ಲಿ ಬ್ರಿಜ್ ತಗಡಿನಡಿ ಒತ್ತಿಕೊಂಡಿರುತ್ತದೆ. ಸ್ಪ್ರಿಂಗ್ ಪಟ್ಟಿಗೆ 25 ವಾಟಿನ ಸೋಲ್ಡರಿಂಗ್ ಐರನ್ ಸಾಲದು. ಲೋಹ ಶಾಖವನ್ನೆಲ್ಲ ಎಳೆದುಕೊಂಡು ಬೆಸುಗೆ ಅಂಟದೆ ಉಂಡೆಯಾಗುತ್ತದೆ. 60 ವಾಟಿನದು ಬೇಕು, ಮೊದಲು ಪಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜಿ. ಇಎಂಜಿ ಕಂಪನಿಯದರಂಥ, ಬ್ಯಾಟರಿಯಲ್ಲಿ ನಡೆಯುವ ಪಿಕಪ್ ಇದ್ದರೆ ಬ್ರಿಜ್‌ಗೆ ವೈರು ಇಲ್ಲದಿರುವುದೇ ಸರಿ, ಗಾಬರಿ ಬೇಡ.

ಈ ತಪ್ಪು ನಂಬಿಕೆಯನ್ನು ಇಷ್ಟು ಜಗ್ಗಾಡುವುದಕ್ಕೆ ಕಾರಣ ಅದರ ಮುಂದಿನ ಹೆಜ್ಜೆ. "ಅರ್ಥಿಂಗ್ ತೊಂದರೆ" ಅಂದುಕೊಂಡವರು ಆಂಪ್‌ನ ತ್ರೀ ಪಿನ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ ಕೀಳುತ್ತಾರೆ, ಇಲ್ಲವೇ ಟೂ ಪಿನ್ ಅಡಾಪ್ಟರ್ ಹಾಕುತ್ತಾರೆ. ಕೆಲವೊಮ್ಮೆ ಸದ್ದು ನಿಂತೂ ಬಿಡುತ್ತದೆ. ಎರಡು ಸಾಕೆಟ್ಟಿನಲ್ಲಿರುವ ಉಪಕರಣಗಳು ಕೇಬಲ್ ಮೂಲಕವೂ ಜೋಡಿಕೊಂಡು ಅರ್ಥ್ ಒಂದು ಸುತ್ತು ಹಾಕಿಕೊಂಡಿದ್ದರೆ, ಪಿನ್ ಕಿತ್ತಾಗ ಸುತ್ತು ಕಡಿಯುತ್ತದೆ. ಅದರ ಜೊತೆಗೆ ನಿಮ್ಮ ಜೀವ ಉಳಿಸುವ ದಾರಿಯೂ ಕಡಿಯುತ್ತದೆ. ಆಂಪ್ ಒಳಗೆ ಫೇಸ್ ವೈರು ಲೋಹದ ಪೆಟ್ಟಿಗೆಗೆ ತಾಗಿದರೆ 230 ವೋಲ್ಟ್ ಕೇಬಲ್ ಜಾಲರಿ ಹಿಡಿದು ನೇರವಾಗಿ ತಂತಿಗೆ, ಅಲ್ಲಿಂದ ನಿಮ್ಮ ಬೆರಳಿಗೆ. ತುಟಿಗೆ ಮೈಕ್ ತಾಗಿದರೆ ಸುತ್ತು ಪೂರ್ತಿ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯ ವೇದಿಕೆಯಲ್ಲಿ, ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ದಯವಿಟ್ಟು ಆ ಪಿನ್ ಕೀಳಬೇಡಿ. ಆಂಪ್, ಪೆಡಲ್ (ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಅಡಾಪ್ಟರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಂದೇ ಸಾಕೆಟ್ಟಿನ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಆ ಸುತ್ತು ತುಂಬ ಚಿಕ್ಕದಾಗುತ್ತದೆ. ಅದೂ ಸಾಲದಿದ್ದರೆ ಸಿಗ್ನಲ್ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲ್ಲನ್ನು ದಾಟಿಸುವ ಪುಟ್ಟ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಕಡಿಯುವುದು ಕೇಬಲ್ಲಿನ ಜಾಲರಿಯನ್ನು, ಗೋಡೆಯ ಅರ್ಥನ್ನಲ್ಲ. ಹಳೆಯ ಮನೆಗಳಲ್ಲಿ ತ್ರೀ ಪಿನ್ ಸಾಕೆಟ್ಟಿನ ಹಿಂದೆ ಅರ್ಥ್ ವೈರೇ ಇರದಿರುವುದುಂಟು. ತಂತಿ ಮುಟ್ಟಿದರೆ ಜುಮ್ ಎಂದರೆ ಆಂಪ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಕೂಡ ಹಾಕಿಸಿ.

ಉಳಿದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹಿಡಿಯುವುದು ಸುಲಭ. ಗಿಟಾರ್ ವಾಲ್ಯೂಮ್ ಸೊನ್ನೆಗೆ ತನ್ನಿ. ನಿಂತರೆ ಅದು ಗಿಟಾರ್ ಕಡೆಯಿಂದ ಬಂದದ್ದು. ನಿಲ್ಲದಿದ್ದರೆ ಪೆಡಲ್‌ಗಳನ್ನು ಬಿಟ್ಟು ನೇರ ಆಂಪ್‌ಗೆ ಹಾಕಿ, ಆಮೇಲೆ ಕೇಬಲ್ಲನ್ನೂ ಕಿತ್ತು ನೋಡಿ. ಏನೂ ಇಲ್ಲದೆಯೂ ಗುಂಯ್ ಅಂದರೆ ದೋಷ ಆಂಪ್‌ನಲ್ಲೇ. ಪೆಡಲ್ ಹಾಕಿದಾಗ ಮಾತ್ರ ಬಂದರೆ ಅಡಾಪ್ಟರ್ ಬದಲು 9 ವೋಲ್ಟ್ ಬ್ಯಾಟರಿಯಲ್ಲಿ ಪರೀಕ್ಷಿಸಿ. ಲ್ಯಾಪ್‌ಟಾಪಿಗೆ ಹಾಕಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಗಿಟಾರ್ ಕಡೆಯದ್ದಾದರೆ ಕೂತಲ್ಲೇ ನಿಧಾನವಾಗಿ ತಿರುಗಿ. ಕೋನ ಬದಲಾದಂತೆ ಸದ್ದು ಏರಿಳಿದರೆ ಅದು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನ ಜಾಯಮಾನ. ಗಿಟಾರ್ ಒಳಗೆ ತಾಮ್ರದ ಟೇಪ್ ಅಂಟಿಸಿದರೆ ಇದು ಹೋಗುವುದಿಲ್ಲ. ಟೇಪ್ ತಡೆಯುವುದು ವಿದ್ಯುತ್ ಕ್ಷೇತ್ರದ ಜರ್‌ಜರ್ ಸದ್ದನ್ನು ಮಾತ್ರ. ಕಾಂತಕ್ಷೇತ್ರಕ್ಕೆ ಮದ್ದು ಹಂಬಕರ್ (ಗುಂಯ್ ಕಳೆಯುವ ಎರಡು ಸುರುಳಿಯ ಪಿಕಪ್), ಇಲ್ಲವೇ ಆಂಪ್ ಮತ್ತು ಮನೆಯ ಇನ್ವರ್ಟರಿನಿಂದ ದೂರ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಪೂರ್ತಿ ಏರಿಸಿದಾಗ ಜರ್‌ಜರ್ ನಿಂತರೆ ಕಳ್ಳ ಸಿಕ್ಕ ಹಾಗೆ.

ಯಾರೂ ಕೇಳದ ಇನ್ನೊಂದು ಮಾತು, ಈ ಗುಂಯ್‌ಗೂ ಒಂದು ಶ್ರುತಿ ಇದೆ. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಅದು ಜಿ, 98 ಹರ್ಟ್ಸ್. ಆಂಪ್‌ನ ಸದ್ದು ಅದಕ್ಕಿಂತ ಕೂದಲೆಳೆ ಮೇಲೆ ನಿಂತರೆ ಅದು 100 ಹರ್ಟ್ಸ್, ಆಂಪ್ ಒಳಗಿನ ಫಿಲ್ಟರ್ ಕೆಪ್ಯಾಸಿಟರ್ ಒಣಗಿರುವ ಸೂಚನೆ. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಆದರೆ ನೀವೇ ಬಿಚ್ಚಬೇಡಿ, ಆರಿಸಿದ ಮೇಲೂ ಅದರೊಳಗೆ ನೂರಾರು ವೋಲ್ಟ್ ಉಳಿದಿರುತ್ತದೆ. ಆ 100 ಹರ್ಟ್ಸ್ ಸದ್ದಿಗಿಂತ ಒಂದು ಸ್ಥಾಯಿ ಕೆಳಗೆ ಕೇಳಿಸಿದರೆ 50 ಹರ್ಟ್ಸ್. ಅದು ಬರುವುದು ಅರ್ಥಿನ ಸುತ್ತಿನಿಂದ ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರಿನಿಂದ. ಅಮೆರಿಕದ ವಿಡಿಯೋಗಳಲ್ಲಿ ಹೇಳುವ 60 ಮತ್ತು 120 ಅಲ್ಲಿನ ಕರೆಂಟಿನ ಲೆಕ್ಕ. ಅವರ ಗುಂಯ್ ಎ ಶಾರ್ಪ್ ಮತ್ತು ಬಿ ನಡುವೆ ನಿಲ್ಲುತ್ತದೆ, ನಮ್ಮದು ಜಿ ಪಕ್ಕದಲ್ಲಿ.