ದೇವರು ಎದುರಿಗೇ ನಿಂತರೂ ನಂಬದವರು

ಕಲಬುರಗಿಯಲ್ಲಿರುವ ನನ್ನ ತಂಗಿಯ ಮಗ ಫ್ಯಾಂಟಸಿ ಕಥೆ ಓದುವುದು ಜಾಸ್ತಿ. ಮೊನ್ನೆ ಒಂದು ತಕರಾರು ತೆಗೆದ. "ಮಾಮಾ, ಇದ್ರಾಗ ದೇವರು ಎದುರಿಗೇ ಬಂದು ನಿಂದರ್ತಾನ, ಪೂಜಾರಿ ಮಂತ್ರ ಹೇಳಿದ್ರ ಗಾಯ ಮಾಯ್ತದ. ಅಂಥದ್ರಾಗ ಒಬ್ಬಾಂವ ನಂಬಂಗಿಲ್ಲ ಅಂತಾನಲ್ಲ, ಹ್ಯಾಂಗ?"

ಅಂಥ ಲೋಕದಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಅನುಮಾನಕ್ಕೆ ಜಾಗವಿಲ್ಲ, ನಿಜ. ಆದರೆ ಬಲ ಇದೆ ಅಂತ ಸುಮ್ನೆ ಕೈ ಮುಗಿಯಬೇಕಾ? ಈ ಪ್ರಶ್ನೆ ಉಳಿಯುತ್ತದೆ, ಮತ್ತು ಇದು ಬಹಳ ಹಳೆಯದು.

ಗೋವರ್ಧನದ ಕಥೆ ನೆನಪಿಸಿಕೊಳ್ಳಿ. ಇಂದ್ರ ಇಲ್ಲ ಎಂದು ಕೃಷ್ಣ ಹೇಳಲಿಲ್ಲ. ದನಕ್ಕೆ ಮೇವು ಕೊಡುವ ಬೆಟ್ಟವನ್ನೇ ಪೂಜಿಸೋಣ ಎಂದ. ಇಂದ್ರ ಸಿಟ್ಟಿನಿಂದ ಮಳೆ ಸುರಿಸಿದ, ಪೂಜೆ ಮಾತ್ರ ಸಿಗಲಿಲ್ಲ.

ನಮ್ಮ ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಶರಣರು ಇದನ್ನು ಕೆದಕಿದ್ದರು. ಉರಿ ಕಂಡರೆ ಮುರುಟುವ, ಅವಸರ ಬಂದರೆ ಮಾರಿಬಿಡುವ ದೇವರನ್ನು ಹೇಗೆ ಸರಿ ಎನ್ನಲಿ ಎಂದು ಬಸವಣ್ಣ ಕೇಳಿದರು. ನನಗೆ ಅದಕ್ಕಿಂತ ಹಿಡಿಸುವುದು ಅಲ್ಲಮ ಮತ್ತು ಸಿದ್ಧಯೋಗಿ ಗೋರಕ್ಷನ ಪ್ರಸಂಗ. 15ನೇ ಶತಮಾನದ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಗೋರಕ್ಷ ಮೈಯನ್ನೇ ವಜ್ರ ಮಾಡಿಕೊಂಡವನು, ಅವನ ಮೇಲೆ ಕತ್ತಿ ಬೀಸಿದರೆ ಖಣ್ ಎಂದು ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ, ಆದರೆ ಅದೇ ಕತ್ತಿ ಅಲ್ಲಮನ ಮೈಯಲ್ಲಿ ಬಯಲಲ್ಲಿ, ಅಂದರೆ ಬರೀ ಶೂನ್ಯದಲ್ಲಿ, ಆಡಿದ ಹಾಗೆ ಹಾದುಹೋಯಿತು. ಗೋರಕ್ಷನ ಸಿದ್ಧಿ ಸುಳ್ಳು ಎಂದು ಕಥೆ ಹೇಳುವುದಿಲ್ಲ. ಮೈ ಗಟ್ಟಿಯಾಯಿತು ಸರಿ, 'ನಾನು' ಹೋಯಿತಾ ಎಂದು ಕೇಳುತ್ತದೆ.

ಅಮೆರಿಕದಲ್ಲಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಬಂತು, ಆಡುವವರೇ ಪಾತ್ರಗಳಾಗಿ ಫ್ಯಾಂಟಸಿ ಕಥೆ ಕಟ್ಟುತ್ತಾ ಹೋಗುವ ಆಟ. 1980ರಲ್ಲಿ ಅದಕ್ಕೆ ದೇವರುಗಳದ್ದೇ ಒಂದು ಪುಸ್ತಕ ಬಂತು. ನಮ್ಮ ಇಂದ್ರನೂ ಅದರಲ್ಲಿದ್ದಾನೆ. ಯಾವ ದೇವರು ಎಷ್ಟು ಪೆಟ್ಟು ತಡೆಯುತ್ತಾನೆ ಎಂದು ಅಂಕಿಯಲ್ಲೇ ಬರೆದಿದ್ದಾರೆ. ಅಂಕಿ ಇದ್ದ ಮೇಲೆ ಅದು ಸೊನ್ನೆಗೂ ಇಳಿಯಬಹುದು ಅಲ್ವಾ? ಅದೇ ಆಟಕ್ಕೆ 1994ರಲ್ಲಿ ಸೇರಿದ ಪ್ಲೇನ್‌ಸ್ಕೇಪ್ ಲೋಕದಲ್ಲಿ ಅಥಾರ್ ಎಂಬ ಗುಂಪಿದೆ. ದೇವರು ಎನಿಸಿಕೊಂಡವರು ಬಲ ಜಾಸ್ತಿ ಇರುವವರು ಅಷ್ಟೇ, ಅವರಿಗೂ ಸಾವಿದೆ, ಅವರನ್ನು ಪೂಜಿಸಬೇಕಿಲ್ಲ ಎನ್ನುತ್ತಾರೆ. ಆದರೆ ಆ ದೇವರುಗಳ ಆಚೆ ಯಾರಿಗೂ ತಿಳಿಯದ ಇನ್ನೊಂದು ಇದೆ ಎಂದು ನಂಬುವವರೂ ಆ ಗುಂಪಿನಲ್ಲಿದ್ದಾರೆ.

"ಅಂದ್ರ ಅದು ಅಲ್ಲಮನ ಬಯಲೇ ಆತಲ್ಲ ಮಾಮಾ" ಎಂದ ಹುಡುಗ.

ನನಗೆ ಹಾಗೆ ಅನ್ನಿಸುವುದಿಲ್ಲ. ಅಥಾರ್ ಪೂಜಾರಿಗಳಿಗೆ ಆ ತಿಳಿಯದ್ದರಿಂದಲೂ ಮಂತ್ರಶಕ್ತಿ ಸಿಗುತ್ತದೆ. ಬಯಲಾದ ಅಲ್ಲಮ ಯಾವ ಶಕ್ತಿಯನ್ನೂ ಕೇಳಿದವನಲ್ಲ.